ಮದುವೆ ಕರೆಯೋಲೆ ಒತ್ತಿದೆ. ವಾಟ್ಸಾಪ್ ಹೋಯಿತು, ಜಿಮೇಲೂ ಹೋಯಿತು. ಈಗ ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಾನು ಶಿರಸಿ ತಾಲ್ಲೂಕಿನ ಪ್ರೌಢಶಾಲೆಯೊಂದರ ಶಿಕ್ಷಕಿ, ವಯಸ್ಸು 51. ಕಳೆದ ಶುಕ್ರವಾರ ಸಂಜೆ ನನ್ನ ವಾಟ್ಸಾಪ್ ತಾನಾಗಿಯೇ ಲಾಗ್ ಔಟ್ ಆಯಿತು. ನೆಟ್‌ವರ್ಕ್ ಇಲ್ಲವೇನೋ ಅಂದುಕೊಂಡು ಸುಮ್ಮನಿದ್ದೆ. ಅರ್ಧ ಗಂಟೆಯಲ್ಲಿ ಒಂದರ ಹಿಂದೊಂದು ಫೋನು. "ಅರ್ಜೆಂಟಾಗಿ 15 ಸಾವಿರ ಬೇಕಿತ್ತು, ನಾಳೆ ಬೆಳಿಗ್ಗೆ ಹಾಕ್ತೇನೆ" ಎಂದು ನನ್ನ ನಂಬರಿನಿಂದ ಎಲ್ಲರಿಗೂ ಮೆಸೇಜ್ ಹೋಗಿತ್ತು. ನಮ್ಮ ಶಾಲೆಯ ಇನ್ನೊಬ್ಬ ಟೀಚರ್ 12 ಸಾವಿರ ಹಾಕಿಯೇ ಬಿಟ್ಟಿದ್ದರು. ರಾತ್ರಿ ವಾಟ್ಸಾಪ್ ಮತ್ತೆ ಹಾಕಿಕೊಂಡೆ, ಬೆಳಿಗ್ಗೆ ಮತ್ತೆ ಹೋಯಿತು. ಶನಿವಾರದಿಂದ ಜಿಮೇಲ್ ಕೂಡ ಪಾಸ್‌ವರ್ಡ್ ತಪ್ಪು ಅನ್ನುತ್ತಿದೆ. ನಮ್ಮ ಮನೆಯವರು "ಯಾರಿಗೂ ಹೇಳಬೇಡ, ಸುಮ್ಮನೆ ನಂಬರ್ ಬದಲಾಯಿಸು" ಅನ್ನುತ್ತಾರೆ. ಅಕ್ಕನ ಮಗ "ಫೋನ್ ಫಾರ್ಮ್ಯಾಟ್ ಹೊಡೆದರೆ ಮುಗೀತು ಚಿಕ್ಕಮ್ಮ" ಅನ್ನುತ್ತಾನೆ. ಇನ್‌ಸ್ಟಾಗ್ರಾಮಿನಲ್ಲಿ ಒಬ್ಬ 'ಎಥಿಕಲ್ ಹ್ಯಾಕರ್' 8 ಸಾವಿರ ಕೊಟ್ಟರೆ ಜಿಮೇಲ್ ತೆಗೆದುಕೊಡುತ್ತೇನೆ ಎಂದಿದ್ದಾನೆ. ಕ್ಯಾಮೆರಾದಿಂದ ನೋಡುತ್ತಿರುತ್ತಾರೆ ಎಂದು ಯಾರೋ ಹೇಳಿದ ಮೇಲೆ ರಾತ್ರಿ ಫೋನನ್ನು ಅಕ್ಕಿ ಡಬ್ಬದಲ್ಲಿ ಹಾಕಿ ಮುಚ್ಚುತ್ತಿದ್ದೇನೆ. ಗೂಗಲ್ ಫೋಟೋಸ್‌ನಲ್ಲಿ ಮಗಳ ಫೋಟೋಗಳಿವೆ. ಆ 12 ಸಾವಿರಕ್ಕೆ ನಾನು ಹೊಣೆಯೇ? ನಿದ್ದೆ ಬರುತ್ತಿಲ್ಲ.

ಬರೆಯಲು ಮರೆತಿದ್ದೆ: ಗುರುವಾರ ಪರಿಚಯದ ಮಾಸ್ತರರೊಬ್ಬರ ನಂಬರಿನಿಂದ ಮದುವೆ ಕರೆಯೋಲೆ ಬಂದಿತ್ತು. ಒತ್ತಿದೆ. ಏನೋ ಇನ್‌ಸ್ಟಾಲ್ ಆಯಿತು, ಜಿಮೇಲ್ ಪಾಸ್‌ವರ್ಡ್ ಕೇಳಿತು, ಕೊಟ್ಟೆ. ಕರೆಯೋಲೆ ತೆರೆಯಲೇ ಇಲ್ಲ. ಇದಕ್ಕೂ ಅದಕ್ಕೂ ಸಂಬಂಧ ಇದೆಯೇ?

ಉತ್ತರ: ಇದೆ ಅಕ್ಕೋರೆ. ಮರೆತಿದ್ದೆ ಎಂದು ಕೊನೆಗೆ ಸೇರಿಸಿದ ಆ ನಾಲ್ಕು ಸಾಲೇ ಇಡೀ ಕಥೆ. ಕಳುವಾದ ಖಾತೆಗಳನ್ನು ಮರಳಿ ಕೊಡಿಸುವ ಕೆಲಸವನ್ನೇ ಹದಿನಾಲ್ಕು ವರ್ಷದಿಂದ ಹುಬ್ಬಳ್ಳಿಯಲ್ಲಿ ಮಾಡುತ್ತಿದ್ದೇನೆ. ನನ್ನ ಹತ್ತಿರ ಬರುವವರು ಹೋದ ಖಾತೆಯ ಬಗ್ಗೆ ಒಂದು ಗಂಟೆ ಹೇಳುತ್ತಾರೆ. ಅದು ಹೋದದ್ದು ಹೇಗೆ ಎಂಬುದು ಚಪ್ಪಲಿ ಹಾಕಿಕೊಂಡು ಎದ್ದು ಹೊರಡುವಾಗ ಬಾಯಿಗೆ ಬರುತ್ತದೆ.

ಪತ್ರ ಸಿಕ್ಕ ದಿನವೇ ನಿಮಗೆ ಫೋನ್ ಮಾಡಿ ಬ್ಯಾಂಕಿಗೆ ತಿಳಿಸುವ ವಿಷಯ ಮತ್ತು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡುವ ವಿಷಯ ಹೇಳಿದ್ದೆ. ಅವೆರಡೂ ಪತ್ರಿಕೆಯಲ್ಲಿ ಉತ್ತರ ಅಚ್ಚಾಗುವ ತನಕ ಕಾಯುವ ಮಾತಲ್ಲ. ಉಳಿದದ್ದನ್ನು ಇಲ್ಲಿ ಬರೆಯುತ್ತೇನೆ, ಇದೇ ಕರೆಯೋಲೆ ಇನ್ನೂ ಎಷ್ಟೋ ಜನರಿಗೆ ಹೋಗಿರುತ್ತದೆ.

ನೀವು ಒತ್ತಿದ್ದು ಚಿತ್ರವೂ ಅಲ್ಲ, ಪಿಡಿಎಫ್ಫೂ ಅಲ್ಲ. ಕಡತದ ಹೆಸರಿನ ಬಾಲದಲ್ಲಿ 'ಎಪಿಕೆ' ಎಂದು ಮೂರಕ್ಷರ ಇದ್ದಿರುತ್ತದೆ. ಅದು ಆಂಡ್ರಾಯ್ಡ್ ಆ್ಯಪ್ ಅನ್ನು ಪ್ಲೇ ಸ್ಟೋರ್ ಹಂಗಿಲ್ಲದೆ ನೇರ ಫೋನಿಗೆ ಇಳಿಸುವ ಕಡತ. ಮದುವೆ ಸೀಸನ್ನಿನಲ್ಲಿ ಕರೆಯೋಲೆ, ಉಳಿದಂತೆ ಟ್ರಾಫಿಕ್ ದಂಡದ ಚಲನ್, ಬ್ಯಾಂಕ್ ಕೆವೈಸಿ, ಪಿಎಂ ಕಿಸಾನ್ ಪಟ್ಟಿ. ವೇಷ ಬದಲಾಗುತ್ತದೆ, ಒಳಗಿನ ಕೆಲಸ ಅದೇ. ಇನ್‌ಸ್ಟಾಲ್ ಆದೊಡನೆ ಎಸ್ಎಂಎಸ್ ಓದಲು, ನೋಟಿಫಿಕೇಶನ್ ನೋಡಲು, ಕಾಂಟ್ಯಾಕ್ಟ್ ಪಟ್ಟಿ ತೆಗೆಯಲು ಅನುಮತಿ ಕೇಳುತ್ತದೆ. ನಾವು 'ಅಲೋ, ಅಲೋ' ಎಂದು ಒತ್ತುತ್ತಾ ಹೋಗುತ್ತೇವೆ. ಆಮೇಲೆ ಐಕಾನ್ ಮಾಯ. ಆ್ಯಪ್ ಮಾತ್ರ ಅಲ್ಲೇ ಕೂತಿರುತ್ತದೆ, ನಿಮ್ಮ ಫೋನಿಗೆ ಬರುವ ಪ್ರತಿ ಎಸ್ಎಂಎಸ್‌ನ ನಕಲು ಅವರಿಗೆ ಹೋಗುತ್ತಿರುತ್ತದೆ.

ಈಗ ನಿಮ್ಮ ವಾಟ್ಸಾಪ್ ಹೋದದ್ದನ್ನು ನೋಡಿ. ಕಳ್ಳ ತನ್ನ ಫೋನಿನಲ್ಲಿ ವಾಟ್ಸಾಪ್ ತೆರೆದು ನಿಮ್ಮ ನಂಬರ್ ಹಾಕಿದ. ಆರು ಅಂಕಿಯ ಕೋಡ್ ನಿಮ್ಮ ಫೋನಿಗೇ ಬಂತು. ನೀವು ಯಾರಿಗೂ ಹೇಳಲಿಲ್ಲ, ಹೇಳುವ ಅಗತ್ಯವೂ ಬೀಳಲಿಲ್ಲ. ಕರೆಯೋಲೆಯೇ ಓದಿ ಹೇಳಿತು. ರಾತ್ರಿ ನೀವು ವಾಪಸ್ ಪಡೆದಿರಿ, ಬೆಳಿಗ್ಗೆ ಅವನು ಅದೇ ದಾರಿಯಲ್ಲಿ ಬಂದ. ಕೊಡದ ತೂತು ಹಾಗೇ ಬಿಟ್ಟು ಹಂಡೆ ತುಂಬಿಸಲು ಕೂತಂತೆ. ಜಿಮೇಲ್ ಪಾಸ್‌ವರ್ಡ್ ಅಂತೂ ನೀವೇ ಬರೆದುಕೊಟ್ಟಿದ್ದೀರಿ. ಗೂಗಲ್ ಅನುಮಾನಪಟ್ಟು ಎಸ್ಎಂಎಸ್ ಕಳಿಸಿದ್ದರೂ ಅದೂ ಅವನಿಗೇ ಸಿಕ್ಕಿರುತ್ತದೆ.

ಆದ್ದರಿಂದ ಮೊದಲು ಮುಟ್ಟಬೇಕಾದದ್ದು ವಾಟ್ಸಾಪನ್ನೂ ಅಲ್ಲ, ಜಿಮೇಲನ್ನೂ ಅಲ್ಲ, ಫೋನನ್ನು. ಆಮೇಲೆ ಜಿಮೇಲ್. ವಾಟ್ಸಾಪ್ ಕೊನೆಗೆ. ಜನ ಮಾಡುವುದು ತಲೆಕೆಳಗು: ವಾಟ್ಸಾಪಿನಲ್ಲಿ ಮಾನ ಹೋಗುತ್ತಿರುತ್ತದೆ, ಅದಕ್ಕೇ ಮೊದಲು ಓಡುತ್ತಾರೆ.

ಮನೆಯಲ್ಲಿ ಹಳೇ ಬಟನ್ ಫೋನ್ ಇದೆಯೇ? ಇಲ್ಲದಿದ್ದರೆ ಪಕ್ಕದ ಮನೆಯಿಂದ ಎರಡು ದಿನಕ್ಕೆ ತನ್ನಿ. ನಿಮ್ಮ ಸಿಮ್ ತೆಗೆದು ಅದಕ್ಕೆ ಹಾಕಿ. ಇದೊಂದರಿಂದ ಕಳ್ಳನ ಮುಖ್ಯ ಕೊಳಾಯಿ ಬಂದ್ ಆಗುತ್ತದೆ. ಇನ್ನು ಮುಂದೆ ಬರುವ ಒಟಿಪಿಗಳೆಲ್ಲ ಬಟನ್ ಫೋನಿಗೆ ಬೀಳುತ್ತವೆ, ಅದರಲ್ಲಿ ಯಾವ ಕರೆಯೋಲೆಯೂ ಕೂತಿಲ್ಲ. ಹಾಗೆಯೇ ಅದರಿಂದ ##002# ಒತ್ತಿ ಡಯಲ್ ಮಾಡಿ. ನಿಮ್ಮ ಕರೆಗಳನ್ನು ಬೇರೆ ನಂಬರಿಗೆ ತಿರುಗಿಸಿದ್ದರೆ ರದ್ದಾಗುತ್ತದೆ. ಹೀಗೆ ಕೋಡ್ ಒತ್ತಿಸಿ ಕರೆ ತಿರುಗಿಸುವ ಆಟ ಎಷ್ಟು ಹೆಚ್ಚಾಗಿತ್ತೆಂದರೆ, ದೂರಸಂಪರ್ಕ ಇಲಾಖೆ 2024ರ ಏಪ್ರಿಲ್ 15ರಿಂದ ಆ ಸೌಲಭ್ಯವನ್ನೇ ನಿಲ್ಲಿಸಲು ಕಂಪನಿಗಳಿಗೆ ಹೇಳಿತು. ಆದರೂ ಒಮ್ಮೆ ನೋಡಿಬಿಡಿ, ಖರ್ಚಿಲ್ಲ.

ಸಿಮ್ ತೆಗೆದ ಸ್ಮಾರ್ಟ್‌ಫೋನಿನಲ್ಲಿ ಇಂಟರ್ನೆಟ್ ಆಫ್ ಮಾಡಿ. ಈಗ ಎರಡು ದಾರಿ. ಒಂದು, ಸೆಟ್ಟಿಂಗ್ಸಿನ ಆ್ಯಪ್ ಪಟ್ಟಿಯಲ್ಲಿ ಹುಡುಕಿ ಅದೊಂದನ್ನೇ ತೆಗೆಯುವುದು. ಅದು 'ಗೂಗಲ್ ಸರ್ವಿಸ್' ಎಂದೋ 'ಸಿಸ್ಟಮ್ ಅಪ್‌ಡೇಟ್' ಎಂದೋ ಹೆಸರಿಟ್ಟುಕೊಂಡು ಕೂತಿರಬಹುದು, ಅನ್‌ಇನ್‌ಸ್ಟಾಲ್ ಬಟನ್ ಮಸುಕಾಗಿರಬಹುದು. ಡಿವೈಸ್ ಅಡ್ಮಿನ್ ಮತ್ತು ಆಕ್ಸೆಸಿಬಿಲಿಟಿ ಎಂಬ ಎರಡು ಕಡೆ ಅದಕ್ಕೆ ಕೊಟ್ಟ ಅಧಿಕಾರ ಕಿತ್ತ ಮೇಲೆ ಸಾಮಾನ್ಯವಾಗಿ ಹೋಗುತ್ತದೆ. ಆದರೆ ಒಂದು ಕಂಡಿತು, ತೆಗೆದೆವು; ಎರಡನೆಯದು ಇತ್ತೋ ಏನೋ ಎಂಬ ಅನುಮಾನ ಉಳಿಯುತ್ತದೆ. ಎರಡನೇ ದಾರಿ ನಿಮ್ಮ ಅಕ್ಕನ ಮಗ ಹೇಳಿದ ಫ್ಯಾಕ್ಟರಿ ರೀಸೆಟ್. ಹುಡುಗ ಹೇಳಿದ್ದು ಅರ್ಧ ಸರಿ. ಇಂಥ ಎಪಿಕೆಗಳಿಗೆ ರೀಸೆಟ್ ಸಾಕಾಗುತ್ತದೆ, ನಾನೂ ಅದನ್ನೇ ಮಾಡಿಸುತ್ತೇನೆ. 'ಮುಗೀತು' ಅನ್ನುವುದು ತಪ್ಪು. ಫೋನ್ ಸ್ವಚ್ಛವಾದರೂ ನಿಮ್ಮ ಜಿಮೇಲ್ ಅವನ ಕೈಯಲ್ಲೇ ಇರುತ್ತದೆ.

ರೀಸೆಟ್‌ಗೆ ಮೊದಲು ಎರಡು ಕೆಲಸ. ಫೋಟೋ, ವೀಡಿಯೊ ಕೇಬಲ್ಲಿನಿಂದ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಆ್ಯಪ್‌ಗಳ ಬ್ಯಾಕಪ್ ತೆಗೆಯಬೇಡಿ, ಕರೆಯೋಲೆಯೂ ಅದರ ಜೊತೆ ವಾಪಸ್ ಬಂದೀತು. ಎರಡನೆಯದು ಸಾಕ್ಷಿ. ಕರೆಯೋಲೆ ಬಂದ ಮೆಸೇಜ್ ಇನ್ನೂ ಕಾಣುತ್ತಿದ್ದರೆ, ಕಳಿಸಿದ ನಂಬರ್, ಸಮಯ, ಆ ಆ್ಯಪ್‌ನ ಹೆಸರು, ಎಲ್ಲವನ್ನೂ ಮನೆಯವರ ಫೋನಿನಿಂದ ಫೋಟೋ ಹೊಡೆದಿಡಿ. ರೀಸೆಟ್ ಆದ ಮೇಲೆ ಪೊಲೀಸರು ಕೇಳಿದರೆ ತೋರಿಸಲು ಏನೂ ಉಳಿಯುವುದಿಲ್ಲ.

ಜಿಮೇಲಿಗೆ ಬರೋಣ. ಇಲ್ಲಿ ಒಂದು ಇಕ್ಕಟ್ಟಿದೆ. ಖಾತೆ ವಾಪಸ್ ಕೇಳುವವರು ನಿಜವಾದ ಯಜಮಾನರೇ ಎಂದು ಗೂಗಲ್ ಅಳೆಯುವುದು ಹಳೆಯ ಪರಿಚಯದ ಮೇಲೆ: ಇದೇ ಸಾಧನ, ಇದೇ ವೈಫೈ, ಇದೇ ಊರು. ನಿಮ್ಮ ಪರಿಚಿತ ಫೋನಿಗೇ ಸೋಂಕು ತಗುಲಿದೆ, ರೀಸೆಟ್ ಮಾಡಿದರೆ ಅದು ಗೂಗಲ್ ಕಣ್ಣಿಗೆ ಹೊಸ ಮುಖವಾಗಬಹುದು. ಮನೆಯ ಲ್ಯಾಪ್‌ಟಾಪಿನಲ್ಲೋ ಶಾಲೆಯ ಕಂಪ್ಯೂಟರಿನಲ್ಲೋ ನೀವು ಎಂದಾದರೂ ಜಿಮೇಲ್ ತೆರೆದದ್ದಿದ್ದರೆ ಅಲ್ಲಿ ಕೂತು ಪ್ರಯತ್ನಿಸಿ. ಗೂಗಲ್‌ನ ಖಾತೆ ಮರಳಿ ಪಡೆಯುವ ಪುಟಕ್ಕೆ ಹೋಗಿ, ನೆನಪಿರುವ ಕೊನೆಯ ಪಾಸ್‌ವರ್ಡ್ ಕೊಡಿ, ಕೋಡ್ ಬಂದರೆ ಬಟನ್ ಫೋನಿನಲ್ಲಿ ಓದಿ. ಕಳ್ಳ ರಿಕವರಿ ನಂಬರನ್ನು ತನ್ನದಕ್ಕೆ ಬದಲಾಯಿಸಿದ್ದರೂ ಹಳೆಯ ನಂಬರಿಗೆ ಕೋಡ್ ಕಳಿಸುವ ಅವಕಾಶವನ್ನು ಗೂಗಲ್ ಏಳು ದಿನ ಇಟ್ಟಿರಬಹುದು. ಪ್ರತಿ ಸಲ ಕೊಡುತ್ತದೆಂಬ ಖಾತ್ರಿ ಇಲ್ಲ, ಆದರೆ ನಿಮಗೆ ಇನ್ನೂ ಆ ಏಳು ದಿನದಲ್ಲಿ ಸ್ವಲ್ಪ ಉಳಿದಿದೆ. ಅದಕ್ಕೇ ಇದನ್ನು ಭಾನುವಾರಕ್ಕೆ ಇಟ್ಟುಕೊಳ್ಳಬೇಡಿ. ಹಾಗಂತ ಸಿಟ್ಟಿನಲ್ಲಿ ಗಂಟೆಗೆ ಇಪ್ಪತ್ತು ಸಲ ಒತ್ತಿದರೆ ಕೆಲವು ದಿನ ಬಾಗಿಲು ಮುಚ್ಚಿಯೇ ಬಿಡುತ್ತದೆ.

ಒಳಗೆ ಹೋದ ಕೂಡಲೇ ಪಾಸ್‌ವರ್ಡ್ ಬದಲಾಯಿಸಿ ಎದ್ದು ಬರಬೇಡಿ. ಹುಬ್ಬಳ್ಳಿಯ ಒಬ್ಬ ವ್ಯಾಪಾರಸ್ಥರು ಮೂರು ಸಲ ಪಾಸ್‌ವರ್ಡ್ ಬದಲಾಯಿಸಿ ಮೂರು ಸಲವೂ ಖಾತೆ ಕಳಕೊಂಡು ನನ್ನ ಹತ್ತಿರ ಬಂದರು. "ಏನೋ ಮಾಟ ಮಾಡ್ಯಾರ್ರಿ" ಎಂದರು, ಅರ್ಧ ತಮಾಷೆಗೆ. ಅವರ ಜಿಮೇಲ್ ಸೆಟ್ಟಿಂಗ್ಸಿನ ಫಿಲ್ಟರ್ ಪುಟ ತೆರೆದೆ. ಅವರು ಜೀವಮಾನದಲ್ಲಿ ಆ ಪುಟ ನೋಡಿದವರಲ್ಲ. ಅಲ್ಲಿ ಒಂದೇ ಒಂದು ಸಾಲಿತ್ತು: ಗೂಗಲ್‌ನಿಂದಲೋ ಬ್ಯಾಂಕಿನಿಂದಲೋ ಮೇಲ್ ಬಂದರೆ, ಓದಿದ್ದು ಎಂದು ಗುರುತು ಹಾಕು, ನೇರ ಕಸದ ಬುಟ್ಟಿಗೆ ಕಳಿಸು. ಬುಟ್ಟಿ ತೆರೆದರೆ 'ನಿಮ್ಮ ಖಾತೆಗೆ ಹೊಸ ಸಾಧನದಿಂದ ಲಾಗಿನ್' ಎಂಬ ಎಚ್ಚರಿಕೆಗಳು ಸಾಲಾಗಿ ಬಿದ್ದಿದ್ದವು. ಗೂಗಲ್ ಕೂಗಿ ಹೇಳಿತ್ತು, ಇವರಿಗೆ ಕೇಳಿಸದಂತೆ ಕಳ್ಳ ಬಾಗಿಲಿಗೆ ಗಾದಿ ಕಟ್ಟಿದ್ದ. ರಿಕವರಿ ಇಮೇಲ್ ಜಾಗದಲ್ಲಿ ಅವರ ಮಗನ ವಿಳಾಸದ ಹಾಗೇ ಕಾಣುವ, ಒಂದು ಅಕ್ಷರ ಬೇರೆ ಇರುವ ವಿಳಾಸ. ಪ್ರತಿ ಸಲ ಅವನು ಬಂದದ್ದು ಅಲ್ಲಿಂದ.

ನೀವು ನೋಡಬೇಕಾದದ್ದೂ ಅದೇ ಜಾಗಗಳನ್ನು. ಫಿಲ್ಟರ್, ಫಾರ್ವರ್ಡಿಂಗ್, ರಿಕವರಿ ನಂಬರ್ ಮತ್ತು ಇಮೇಲ್, ಲಾಗಿನ್ ಆಗಿರುವ ಸಾಧನಗಳ ಪಟ್ಟಿ, ಖಾತೆಗೆ ಪ್ರವೇಶ ಇರುವ ಹೊರಗಿನ ಆ್ಯಪ್‌ಗಳು, ನೀವು ಮಾಡಿಕೊಳ್ಳದ ಪಾಸ್‌ಕೀ (ಪಾಸ್‌ವರ್ಡ್ ಬದಲು ಬೆರಳಚ್ಚು ಅಥವಾ ಫೋನಿನ ಲಾಕ್‌ನಿಂದ ಒಳಗೆ ಬಿಡುವ ಕೀಲಿ) ಇದೆಯೇ ಎಂಬುದು. ಗುರುತು ಸಿಗದ್ದನ್ನೆಲ್ಲ ಕಿತ್ತು ಹಾಕಿ, ಆಮೇಲೆ ಪಾಸ್‌ವರ್ಡ್ ಇನ್ನೊಮ್ಮೆ ಬದಲಾಯಿಸಿ. ಎರಡು ಹಂತದ ಪರಿಶೀಲನೆ ಹಾಕಿಕೊಂಡು, ಗೂಗಲ್ ಕೊಡುವ ಹತ್ತು ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ. 'ಪಾಸ್‌ವರ್ಡ್ ಎಲ್ಲೂ ಬರೆದಿಡಬೇಡಿ' ಎಂಬ ಉಪದೇಶ ಕೇಳಿರುತ್ತೀರಿ. ಆಫೀಸಿನ ಮೇಜಿಗೆ ಚೀಟಿ ಅಂಟಿಸುವವರಿಗೆ ಆ ಮಾತು. ನಿಮ್ಮ ಬೀರುವಿಗೆ ಕೈ ಹಾಕಲು ಆ ಕಳ್ಳ ಶಿರಸಿಗೆ ಬರುವುದಿಲ್ಲ.

ಕ್ರೋಮ್‌ನಲ್ಲಿ 'ಪಾಸ್‌ವರ್ಡ್ ಉಳಿಸಲೇ?' ಎಂದಾಗ ಹೂಂ ಅಂದಿದ್ದರೆ ಅವೆಲ್ಲ ಜಿಮೇಲ್ ಖಾತೆಯಲ್ಲೇ ಕೂತಿರುತ್ತವೆ, ಫೇಸ್‌ಬುಕ್‌ನಿಂದ ನೆಟ್‌ಬ್ಯಾಂಕಿಂಗ್ ತನಕ. ಎಲ್ಲವೂ ಅವನ ಕಣ್ಣಿಗೆ ಬಿದ್ದಿವೆ ಎಂದೇ ಲೆಕ್ಕ ಇಟ್ಟುಕೊಂಡು ಹಣದವನ್ನು ಮೊದಲು ಬದಲಾಯಿಸಿ. ಮೇಲ್‌ನಲ್ಲಿ 'ಆಧಾರ್', 'ಪ್ಯಾನ್', 'ಪಾಸ್‌ಬುಕ್' ಎಂದು ಹುಡುಕಿ. ನಿಮಗೆ ಏನು ಸಿಗುತ್ತದೋ ಅವನಿಗೂ ಅದೇ ಸಿಕ್ಕಿರುತ್ತದೆ. ಆಧಾರ್ ಪ್ರತಿ ಸಿಕ್ಕಿದರೆ ಬೆರಳಚ್ಚನ್ನು ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ಲಾಕ್ ಮಾಡಬಹುದು. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂಬುದನ್ನು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ನೋಡಬಹುದು. ಅಪರಿಚಿತ ನಂಬರ್ ಕಂಡರೆ ಅಲ್ಲೇ ದೂರು ಹಾಕುವ ಅವಕಾಶವಿದೆ.

ಇಷ್ಟಾದ ಮೇಲೆ ವಾಟ್ಸಾಪ್ ಸುಲಭ. ನಿಮ್ಮ ನಂಬರ್ ಹಾಕಿ, ಬಟನ್ ಫೋನಿಗೆ ಬಂದ ಆರಂಕಿ ಕೊಟ್ಟ ಕ್ಷಣ ಅವನು ಹೊರಗೆ ಬೀಳುತ್ತಾನೆ. ಅವನು ನಿಮ್ಮ ಖಾತೆಗೆ ತನ್ನದೇ ಪಿನ್ ಹಾಕಿಟ್ಟಿದ್ದರೆ ಏಳು ದಿನ ಕಾಯಬೇಕು ಎಂದು ವಾಟ್ಸಾಪ್ ಹೇಳುತ್ತದೆ. ಅಲ್ಲಿ ಜನ ಎದೆ ಒಡೆದುಕೊಳ್ಳುತ್ತಾರೆ. ಬೇಡ. ಆ ಏಳು ದಿನ ನಿಮಗೂ ಖಾತೆ ಇಲ್ಲ, ಅವನಿಗೂ ಇಲ್ಲ. ಒಳಗೆ ಹೋದಾಗ ಲಿಂಕ್ಡ್ ಡಿವೈಸಸ್ ನೋಡಿ ಎಲ್ಲ ತೆಗೆಯಿರಿ, ನಿಮ್ಮದೇ ಆರಂಕಿಯ ಪಿನ್ ಹಾಕಿಕೊಳ್ಳಿ. ಗುರುವಾರವೇ ಈ ಪಿನ್ ಇದ್ದಿದ್ದರೆ ಎಸ್ಎಂಎಸ್ ಓದಿದರೂ ಅವನು ಅಲ್ಲೇ ಮುಗ್ಗರಿಸುತ್ತಿದ್ದ.

ಹಳೆಯ ಮಾತುಕತೆ ಓದಿದನೇ ಎಂದು ನೀವು ಕೇಳಿಲ್ಲ, ಕೇಳಬೇಕೆನಿಸಿರುತ್ತದೆ. ಬರೀ ನಂಬರ್ ಕದ್ದವನಿಗೆ ಹಳೆಯ ಚಾಟ್ ಕಾಣುವುದಿಲ್ಲ, ಅವು ನಿಮ್ಮ ಫೋನಿನಲ್ಲೇ ಇರುತ್ತವೆ. ಗ್ರೂಪುಗಳು ಮತ್ತು ಹೊಸದಾಗಿ ಬಂದ ಮೆಸೇಜ್ ಕಾಣುತ್ತವೆ. ಆದರೆ ಇವನ ಹತ್ತಿರ ಜಿಮೇಲೂ ಇತ್ತು. ಗೂಗಲ್ ಡ್ರೈವ್‌ನಲ್ಲಿ ವಾಟ್ಸಾಪ್ ಬ್ಯಾಕಪ್ ಇದ್ದು, ಅದಕ್ಕೆ ಪ್ರತ್ಯೇಕ ಪಾಸ್‌ವರ್ಡಿನ ಎನ್‌ಕ್ರಿಪ್ಶನ್ ಹಾಕಿರದಿದ್ದರೆ, ಅದನ್ನು ಇಳಿಸಿಕೊಳ್ಳುವುದು ಸಾಧ್ಯವಿತ್ತು. ಸಮಾಧಾನಕ್ಕೆಂದು ಇದನ್ನು ಮುಚ್ಚಿಟ್ಟು ಹೇಳಲಾರೆ. ಮಗಳ ಫೋಟೋಗಳ ವಿಷಯವೂ ಅಷ್ಟೇ: ನೋಡಲು ಸಾಧ್ಯವಿತ್ತು. ನಾನು ಕಂಡಂತೆ ಈ ಬಗೆಯ ಗುಂಪುಗಳು ದಿನಕ್ಕೆ ನೂರಾರು ಫೋನ್ ಹಿಡಿದು ಹಣ ಬರುವಲ್ಲಿ ಕೈ ಹಾಕಿ ಮುಂದೆ ಹೋಗುತ್ತವೆ, ಆಲ್ಬಂ ತಿರುವುತ್ತಾ ಕೂರುವುದಿಲ್ಲ. ಒಂದು ವೇಳೆ ಫೋಟೋ ಹಿಡಿದು ಬೆದರಿಸಿದರೆ ಒಂದು ರೂಪಾಯಿ ಕೊಡಬೇಡಿ. ಕೊಟ್ಟವರನ್ನು ಮತ್ತೆ ಕೇಳುತ್ತಾರೆ. ಮೆಸೇಜ್ ಅಳಿಸದೆ ನೇರ ಠಾಣೆಗೆ ಹೋಗಿ.

ಕ್ಯಾಮೆರಾದ ಭಯ ಅರ್ಥವಾಗುತ್ತದೆ. ಅನುಮತಿ ಕೊಟ್ಟಿದ್ದರೆ ಕ್ಯಾಮೆರಾ ತೆರೆಯುವುದು ಅಸಾಧ್ಯವಲ್ಲ. ಆದರೆ ಆಂಡ್ರಾಯ್ಡ್ 12ರಿಂದ ಈಚೆಗೆ ಕ್ಯಾಮೆರಾ, ಮೈಕ್ ನಡೆಯುತ್ತಿದ್ದರೆ ಪರದೆಯ ಮೇಲಿನ ಮೂಲೆಯಲ್ಲಿ ಹಸಿರು ಚುಕ್ಕೆ ಬರುತ್ತದೆ. ಇವರಿಗೆ ಬೇಕಿದ್ದದ್ದು ನಿಮ್ಮ ಎಸ್ಎಂಎಸ್. ರೀಸೆಟ್ ಆದ ರಾತ್ರಿಯಿಂದ ಅಕ್ಕಿ ಡಬ್ಬವನ್ನು ಅಕ್ಕಿಗೇ ಬಿಟ್ಟುಬಿಡಿ.

ನಂಬರ್ ಬದಲಾಯಿಸುವ ಯಜಮಾನರ ಸಲಹೆಯನ್ನು ಮಾತ್ರ ನಾನು ಬಲವಾಗಿ ಬೇಡ ಅನ್ನುತ್ತೇನೆ. ಬಿಟ್ಟ ನಂಬರನ್ನು 90 ದಿನಗಳ ನಂತರ ಕಂಪನಿ ಬೇರೆಯವರಿಗೆ ಕೊಡಬಹುದು. ನಿಮ್ಮ ಬ್ಯಾಂಕು, ಆಧಾರ್, ಎಲ್ಐಸಿ, ಸಂಬಳದ ಲೆಕ್ಕ ಎಲ್ಲ ಅದೇ ನಂಬರಿಗೆ ಕಟ್ಟಿಕೊಂಡಿದೆ. ಒಂದು ಮರೆತರೂ ಅದರ ಒಟಿಪಿ ಯಾವ ಊರಿನ ಯಾರಿಗೋ ಹೋಗುತ್ತದೆ. ನಿಮ್ಮ ನಂಬರ್ ಕಳುವಾಗಿಲ್ಲ, ಸಿಮ್ ನಿಮ್ಮ ಕೈಯಲ್ಲೇ ಇದೆ. ಇದ್ದಕ್ಕಿದ್ದಂತೆ ಸಿಗ್ನಲ್ಲೇ ಸತ್ತು, ಪಕ್ಕದವರಿಗೆ ಬರುತ್ತಿದ್ದರೆ ಆಗ ಮಾತು ಬೇರೆ. ಅದು ನಕಲಿ ಸಿಮ್ ತೆಗೆದವರ ಕೆಲಸ, ಕೂಡಲೇ ಕಂಪನಿಯ ಅಂಗಡಿಗೆ ಓಡಬೇಕು.

'ಯಾರಿಗೂ ಹೇಳಬೇಡ' ಎಂಬುದರಿಂದ ಲಾಭ ಆಗುವುದು ಕಳ್ಳನೊಬ್ಬನಿಗೆ. ನೀವು ಹತ್ತನೇ ತರಗತಿ ಪಾಲಕರ ಗ್ರೂಪಿನ ಅಡ್ಮಿನ್ ಎಂದು ಫೋನಿನಲ್ಲಿ ಹೇಳಿದಿರಿ. ಇನ್ನೊಬ್ಬ ಅಡ್ಮಿನ್‌ಗೆ ಹೇಳಿ ನಿಮ್ಮ ನಂಬರನ್ನು ಸದ್ಯ ತೆಗೆಸಿ, ಅಲ್ಲಿ ಎರಡು ಸಾಲು ಹಾಕಿಸಿ. ನಿಮ್ಮ ಹೆಸರಿನಲ್ಲಿ ಹಣ ಕೇಳಿದ್ದಷ್ಟೇ ಆಗಿದ್ದರೆ ಪುಣ್ಯ. ಅದೇ ಕರೆಯೋಲೆ ನಿಮ್ಮ ನಂಬರಿನಿಂದಲೂ ಹೋಗಿದ್ದರೆ, ಟೀಚರ್ ಕಳಿಸಿದ ಕಡತ ಎಂದು ಪಾಲಕರು ಕಣ್ಣು ಮುಚ್ಚಿ ಒತ್ತುತ್ತಾರೆ. ಮರ್ಯಾದೆಯ ಮಾತಿಗೆ ಇಷ್ಟೇ ಹೇಳುತ್ತೇನೆ: ನಾನೇ ಒಮ್ಮೆ ಕೊರಿಯರ್ ವಿಳಾಸ ಸರಿಪಡಿಸಿ ಎಂಬ ಲಿಂಕ್ ಒತ್ತಿ ಕಾರ್ಡ್ ನಂಬರಿನ ಹನ್ನೆರಡು ಅಂಕಿ ಹೊಡೆದ ಮೇಲೆ ಕೈ ಎಳೆದುಕೊಂಡಿದ್ದೇನೆ. ಅಂದು ನಿಜಕ್ಕೂ ಒಂದು ಪಾರ್ಸೆಲ್ ಬರಬೇಕಿತ್ತು.

ಎಥಿಕಲ್ ಹ್ಯಾಕರ್‌ಗೆ ಬ್ಲಾಕ್. ಗೂಗಲ್ ಒಳಗೆ ಹೋಗಿ ಖಾತೆ ತೆಗೆದುಕೊಡುವ ಬಾಗಿಲು ಹೊರಗಿನ ಯಾರಿಗೂ ಇಲ್ಲ. ಮೊದಲು 8 ಸಾವಿರ, ಆಮೇಲೆ 'ಸರ್ವರ್ ಚಾರ್ಜ್', ಆಮೇಲೆ ನಿಮ್ಮದೇ ಒಟಿಪಿ. ಹಾಗೆಯೇ ಗೂಗಲ್ ಕಸ್ಟಮರ್ ಕೇರ್ ನಂಬರ್ ಹುಡುಕಲೂ ಹೋಗಬೇಡಿ; ಜಿಮೇಲ್ ಮರಳಿ ಕೊಡಿಸುವ ಫೋನ್ ನಂಬರ್ ಅಂಥದ್ದು ಇಲ್ಲವೇ ಇಲ್ಲ, ಸಿಕ್ಕಿದ್ದೆಲ್ಲ ಇನ್ನೊಬ್ಬ ಕಳ್ಳನದು.

12 ಸಾವಿರದ ವಿಷಯ. ಕಾನೂನಿನಲ್ಲಿ ನೀವು ಹೊಣೆಯಲ್ಲ. ಬೇರೆಯವರ ಗುರುತು ಕದ್ದು ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ, ಬೇರೆಯವರಂತೆ ನಟಿಸಿ ವಂಚಿಸುವುದು 66ಡಿ. ಎರಡಕ್ಕೂ ಮೂರು ವರ್ಷದವರೆಗೆ ಜೈಲು. ಅಪರಾಧಿ ಅವನು, ನೀವು ದೂರುದಾರರು. ಆದರೆ ಹಣ ಕಳಕೊಂಡವರು ನಿಮ್ಮ ಸಹೋದ್ಯೋಗಿ, ಹಾಗಾಗಿ 1930ಕ್ಕೆ ಅವರೂ ತಮ್ಮ ಕಡೆಯಿಂದ ದೂರು ಕೊಡಲೇಬೇಕು, ಯುಪಿಐ ರಸೀದಿಯಲ್ಲಿರುವ ಹನ್ನೆರಡು ಅಂಕಿಯ ವಹಿವಾಟು ಸಂಖ್ಯೆ ಸಮೇತ. ಇಲ್ಲೊಂದು ಗೊಂದಲ ಬಹಳ ಜನರಿಗಿದೆ. ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಬ್ಯಾಂಕ್ ಹಣ ಕೊಡುತ್ತದೆ ಎಂದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ತೋರಿಸುತ್ತಾರೆ. ಅದು ಗ್ರಾಹಕರ ತಪ್ಪಿಲ್ಲದೆ, ಅವರ ಒಪ್ಪಿಗೆಯೇ ಇಲ್ಲದೆ ನಡೆದ ವಹಿವಾಟಿನ ಮಾತು. ನಿಮ್ಮ ಸಹೋದ್ಯೋಗಿ ತಾವೇ ಪಿನ್ ಒತ್ತಿ ಕಳಿಸಿದ್ದಾರೆ, ಮೋಸ ಹೋಗಿ ಕಳಿಸಿದರೂ ಬ್ಯಾಂಕಿನ ಲೆಕ್ಕದಲ್ಲಿ ಅದು ಬೇರೆ. ಅವರಿಗೆ ಉಳಿದ ಮುಖ್ಯ ಆಸೆ ಇದು: ಹಣ ಬಿದ್ದ ಖಾತೆಯಿಂದ ಮುಂದೆ ಜಾರುವ ಮೊದಲು 1930ರ ಮೂಲಕ ಅದನ್ನು ತಡೆಹಿಡಿಸುವುದು. ಮೊದಲ ಒಂದೆರಡು ಗಂಟೆಯಲ್ಲಿ ಅದು ಆಗುವ ಸಂಭವ ಹೆಚ್ಚು, ದಿನ ಕಳೆದ ಹಾಗೆ ಕಡಿಮೆ. ತಡೆಹಿಡಿದ ಹಣವೂ ಕೂಡಲೇ ಕೈಗೆ ಬರುವುದಿಲ್ಲ, ತಾಳ್ಮೆ ಬೇಕು. ನಿಮ್ಮ ಜೇಬಿನಿಂದ ಕೊಡಬೇಕೇ ಎಂಬುದು ನೀವಿಬ್ಬರೂ ಚಹಾ ಕುಡಿಯುತ್ತಾ ಮಾತಾಡಿಕೊಳ್ಳುವ ವಿಷಯ, ನನ್ನ ಶಾಸ್ತ್ರದಲ್ಲಿಲ್ಲ.

ದೂರಿಗಾಗಿ ಘಟ್ಟ ಇಳಿದು ಕಾರವಾರದ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ) ಠಾಣೆಗೇ ಹೋಗಬೇಕೆಂದಿಲ್ಲ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮನೆಯಿಂದಲೇ ದಾಖಲಿಸಬಹುದು, ನಿಮ್ಮ ಹತ್ತಿರದ ಠಾಣೆಯಲ್ಲೂ ಕೊಡಬಹುದು. ಸ್ವೀಕೃತಿ ಸಂಖ್ಯೆ ಬರೆದಿಟ್ಟುಕೊಳ್ಳಿ. ನಾಳೆ ನಿಮ್ಮ ನಂಬರಿನಿಂದ ಇನ್ನಾರಿಗೋ ಮೋಸ ಆಗಿ ಅವರು ನಿಮ್ಮ ಮೇಲೇ ದೂರು ಕೊಟ್ಟರೆ, 'ನಾನು ಇಂಥ ತಾರೀಕಿಗೇ ತಿಳಿಸಿದ್ದೆ' ಎನ್ನಲು ಕೈಯಲ್ಲಿರುವ ಕಾಗದ ಅದೊಂದೇ.

ಫೋನಿನಲ್ಲಿ ಕೇಳಲು ಮರೆತದ್ದೊಂದಿದೆ. ಕರೆಯೋಲೆ ಬಂದದ್ದು ಪರಿಚಯದ ಮಾಸ್ತರರ ನಂಬರಿನಿಂದ ಅಂದಿರಲ್ಲ, ಅವರಿಗೆ ತಿಳಿಸಿದಿರಾ? ಅವರೂ ಇನ್ಯಾರದೋ ಕರೆಯೋಲೆ ಒತ್ತಿದವರೇ ಇರಬೇಕು, ಅವರ ಫೋನಿನಲ್ಲಿ ಅದು ಈ ಹೊತ್ತಿಗೂ ಕೂತಿರಬಹುದು. ವಾಟ್ಸಾಪ್ ಬೇಡ, ಬಟನ್ ಫೋನಿನಿಂದಲೇ ಒಂದು ಕರೆ ಮಾಡಿ. ಮದುವೆ ನಿಜಕ್ಕೂ ಇದ್ದರೆ ತಾರೀಕೂ ಕೇಳಿಕೊಳ್ಳಿ.